ನನ್ನ ಗೌನು ತೊಟ್ಟು ಕೂತವಳು

ಮಟಮಟ ಮಧ್ಯಾಹ್ನ ನಿಮ್ಮ ಮನೆಯೊಳಗಿಂದ ಯಾರೋ ನಿಮ್ಮ ಹೆಸರು ಹಿಡಿದು ಕೂಗಿದರೆ ಏನು ಮಾಡುತ್ತೀರಿ? 'ಓ' ಅನ್ನುತ್ತೀರಿ, ಅಷ್ಟೇ ತಾನೆ? ನನಗೆ ಅನ್ನಲಾಗಲಿಲ್ಲ. ಯಾಕೆಂದರೆ ನಮ್ಮ ಮನೆಯಲ್ಲಿ ನನ್ನ ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ.

ಅತ್ತೆಗೆ ನಾನು 'ಯವ್ವಾ' (ಸಿಟ್ಟು ಬಂದರೆ 'ವಕೀಲಬಾಯಾರ'). ಗಂಡನಿಗೆ 'ಏ, ಇಲ್ಲಿ ಕೇಳು'. ನಾಲ್ಕು ವರ್ಷದ ಮಗಳು ಸಿರಿಗೆ ಮಮ್ಮಿ. ಹೆಸರು ಬೇಕಾಗುವುದು ವಕಾಲತ್ತಿಗೆ ಮಾತ್ರ.

ಕಳೆದ ವಾರ ಬ್ಯಾಡಗಿ ಕೋರ್ಟಿನಲ್ಲಿ ಒಂದು ಪಾಟೀಸವಾಲು ಇತ್ತು. ಹೋಗಿ ನೋಡಿದರೆ ಜಡ್ಜ್ ಸಾಹೇಬರು ರಜೆ. ಮೆಣಸಿನಕಾಯಿ ಸುಗ್ಗಿ ಬೇರೆ, ಊರಿಗೆ ಊರೇ ಘಾಟು. ಸೀನಿ ಸೀನಿ ಸಾಕಾಗಿ ಸಿಕ್ಕ ಬಸ್ಸು ಹತ್ತಿ ರಾಣೆಬೆನ್ನೂರಿಗೆ ವಾಪಸ್ ಬಂದೆ. ಕೆಲಸದ ದಿನ ಹಗಲು ಹೊತ್ತಿನಲ್ಲಿ ನನ್ನ ಮನೆಯನ್ನು ನಾನೇ ನೋಡಿ ಯಾವ ಕಾಲವಾಗಿತ್ತೋ! ಬೆಳಗಾದರೆ ಹಾವೇರಿ, ಇಲ್ಲವೇ ಬ್ಯಾಡಗಿ. ಮರಳುವುದು ದೀಪ ಹಚ್ಚುವ ಹೊತ್ತಿಗೆ. ಬಂದ ಮೇಲೆ ಮೇಡ್ಲೇರಿ, ಐರಣಿಯ ಕಕ್ಷಿದಾರರು. ಭಾನುವಾರವೂ ಅವರದೇ. ಇವತ್ತಾದರೂ ಮಗಳಿಗೆ ಸರ್‌ಪ್ರೈಸ್ ಕೊಡೋಣ ಎಂದು ಬಸ್‌ಸ್ಟ್ಯಾಂಡಿನಲ್ಲಿ ಜಿಲೇಬಿ ಕಟ್ಟಿಸಿಕೊಂಡೆ.

ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಗೇಟಿಗೆ ಕೈ ಹಾಕಿದೆ. ಆಗ ಕೇಳಿತು.

"ವಿಜಯಲಕ್ಷ್ಮೀ..."

ಎಳೆದು ಎಳೆದು ಕೂಗಿದ ಧ್ವನಿ. ಕೋರ್ಟ್ ಹಾಲಿನ ಬಾಗಿಲಲ್ಲಿ ನಿಂತು ಜವಾನ ಪಾರ್ಟಿಗಳನ್ನು ಕರೆಯುತ್ತಾನಲ್ಲ, ಅದೇ ರಾಗ. ಎರಡನೇ ಸಲ. ಮೂರನೇ ಸಲ. ಗೇಟಿನ ಚಿಲಕ ಹಿಡಿದ ಕೈ ಅಲ್ಲೇ ಉಳಿಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅದೇ ಧ್ವನಿ, ಸಿಟ್ಟಿಲ್ಲ, ಬೇಜಾರಿಲ್ಲ, ಸುಮ್ಮನೆ ದಾಖಲಿಸುವಂತೆ ಹೇಳಿತು: "ಗೈರು."

ಅಯ್ಯೋ ನನ್ನ ಹುಚ್ಚೇ, ಅದು ಸಿರಿ! ಅವಳ ಶಾಲೆಗೆ ರಜೆಯಿದ್ದ ದಿನ ಒಮ್ಮೆ ಹಾವೇರಿ ಕೋರ್ಟಿಗೆ ಕರೆದುಕೊಂಡು ಹೋಗಿದ್ದೆ. ಇಡೀ ದಿನ ಆ ಜವಾನನ ಬಾಯಿಯನ್ನೇ ನೋಡುತ್ತ ಕೂತಿದ್ದಳು. ನಗುತ್ತ ಒಳಗೆ ಹೋದೆ.

ನಗು ಹೊಸ್ತಿಲಲ್ಲೇ ನಿಂತಿತು.

ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ಪರದೆ ಎಳೆದಿತ್ತು. ಆ ಮಬ್ಬಿನಲ್ಲಿ ನನ್ನ ಕುರ್ಚಿಯ ಮೇಲೆ ಯಾರೋ ಕೂತಿದ್ದರು. ಕರಿ ಗೌನು, ಕೊರಳಿಗೆ ಬಿಳಿ ಬ್ಯಾಂಡು. ಫೈಲ್ ಓದುವಾಗ ನಾನು ಬಾಗಿಸುವ ಹಾಗೆಯೇ ತಲೆ ಬಾಗಿತ್ತು. ಕಣ್ಣು ಹೊಂದಿಕೊಂಡ ಮೇಲೆ ಗೊತ್ತಾಯಿತು, ಅದೊಂದು ಲೋಡು, ಒರಗಿ ಕೂರುವ ದುಂಡನೆಯ ದಿಂಬು. ನೆಟ್ಟಗೆ ನಿಲ್ಲಿಸಿ ನನ್ನ ಹರಿದ ಗೌನು ತೊಡಿಸಿದ್ದರು. ಮೇಲೊಂದು ಸಣ್ಣ ದಿಂಬು, ದಿಂಬಿಗೆ ನನ್ನ ಹಳೇ ಕನ್ನಡಕ, ಕೆಳಗೆ ಗೌನಿನೊಳಗೆ ಮಡಿಲಿನಂತೆ ಮಡಿಸಿಟ್ಟ ಕೌದಿ. ಕೂಗಿ ಮುಗಿಸಿದ್ದ ಮಗಳು ಆಗಲೇ ಅದರ ಮಡಿಲೇರಿದ್ದಳು.

"ಸಿರಿ, ಯಾರು ಬಂದಾರ ನೋಡು!"

ಅವಳು ತಲೆ ಎತ್ತಿದಳು. ನನ್ನನ್ನು ನೋಡಿದಳು. ತುಟಿಯ ಮೇಲೆ ಬೆರಳಿಟ್ಟು, ಗೋಡೆಗೆ ಹಾಕಿದ ಬೆಂಚು ತೋರಿಸಿದಳು.

"ಕುಂದ್ರಿ. ಮಮ್ಮಿ ಕೆಲಸದಾಗ ಅದಾಳ."

ಕಕ್ಷಿದಾರರಿಗೆ ಅವಳು ದಿನಾ ಹೇಳುವ ಮಾತು ಅದು. ಎಷ್ಟು ಚೆಂದ ಹೇಳುತ್ತಾಳೆ ಎಂದು ನಾನೇ ವಿಡಿಯೊ ಮಾಡಿ ಸ್ಟೇಟಸ್‌ಗೆ ಹಾಕಿದ್ದೇನೆ. ಆಟಕ್ಕೆ ಸೇರಿಕೊಳ್ಳೋಣ ಎಂದು ಬೆಂಚಿನ ಮೇಲೆ ಕೂತೆ. (ನನ್ನ ಆಫೀಸಿನ ಬೆಂಚು ಅಷ್ಟು ಗಟ್ಟಿ ಎಂದು ಅವತ್ತೇ ಗೊತ್ತಾದದ್ದು.)

"ನಿಮ್ಮ ಕೇಸ್ ಏನ್ರಿ?"

"ನನ್ನ ಮಗಳು ನನ್ನ ಜೋಡಿ ಮಾತಾಡವಲ್ಲಳ್ರೀ."

ಅವಳು ಲೋಡಿನ ಕಡೆ ತಿರುಗಿದಳು. ದಿಂಬಿಗೆ ಕಿವಿ ಹಚ್ಚಿದಳು. ಬಹಳ ಹೊತ್ತು ಕೇಳಿಸಿಕೊಂಡಳು. ನಡುನಡುವೆ 'ಹೂಂ, ಹೂಂ' ಅಂದಳು. ಏನು ಕೇಳಿಸುತ್ತಿತ್ತು ಅವಳಿಗೆ?

"ಮಮ್ಮಿಗೆ ಇವತ್ತ ಆಗೂದಿಲ್ಲಂತ್ರಿ. ಮುಂದಿನ ವಾರ ಬರ್ರಿ."

"ಸಿರಿ! ನಾನ ಮಮ್ಮಿ, ಇಲ್ಲಿ ನೋಡು!" ಸ್ವಲ್ಪ ಜೋರಾಗಿಯೇ ಕೂಗಿಬಿಟ್ಟೆ.

"ಹೂಂ ರಿ," ಅಂದಳು. ಜಗ್ಗದ ಕಕ್ಷಿದಾರನನ್ನು ಸಾಗಹಾಕುವಾಗ ನಾನು ನಗುತ್ತೇನಲ್ಲ, ಆ ನಗೆ ನಕ್ಕಳು. ಮತ್ತೆ ಗೌನಿನೊಳಗೆ ಮುಖ ಹುದುಗಿಸಿ ಮಲಗಿಬಿಟ್ಟಳು. ಜಿಲೇಬಿ ಪೊಟ್ಟಣ ನನ್ನ ಕೈಯಲ್ಲೇ ಉಳಿಯಿತು. ಅಳು ಬಂತು. ಅದಕ್ಕಿಂತ ಹೆಚ್ಚಾಗಿ, ನಿಜ ಹೇಳಲೇ, ಹೆದರಿಕೆ ಬಂತು.

ಅಡುಗೆಮನೆಗೆ ಹೋಗಿ ಅತ್ತೆಯನ್ನು ಕೇಳಿದೆ. "ಇದೇನ್ರಿ ಅತ್ತಿ?"

"ಸಾಲಿ ಬಿಟ್ಟು ಬಂದ ಮ್ಯಾಲೆ ದಿನಾ ಇದ ಆಟ. ನೀ ಬರೂದ್ರಾಗ ತಗದಿಡ್ತೀನಿ. ಅದಕ್ಕ ಊಟಾನೂ ಮಾಡಸ್ತಾಳ. ಪಾಪ, ಆ ಲೋಡು ಒಂದ ದಿನಾನೂ 'ಆಮ್ಯಾಲೆ' ಅಂದಿಲ್ಲ."

ಹಿಂದೆಲ್ಲ ಬೆಳಿಗ್ಗೆ ನಾನು ಹೊರಟರೆ ನನ್ನ ಕೋಟು ಹಿಡಿದು ಗೇಟಿನ ತನಕ ಅಳುತ್ತ ಬರುತ್ತಿದ್ದವಳು. ಕೆಲವು ತಿಂಗಳಿಂದ ಅಳು ನಿಂತಿತ್ತು. 'ಹೊಂದಿಕೊಂಡುಬಿಟ್ಟಳು' ಎಂದು ವಕೀಲರ ಬಾರ್ ರೂಮಿನಲ್ಲಿ ಬೀಗಿದ್ದೆ. ಮದುವೆಯಾಗಲಿರುವ ಜೂನಿಯರ್ ಹುಡುಗಿಯರಿಗೆ ವರ್ಕ್-ಲೈಫ್ ಬ್ಯಾಲೆನ್ಸ್ ಮೇಲೆ ಉಪದೇಶ ಬೇರೆ! ಮಕ್ಕಳು ಹೊಂದಿಕೊಳ್ಳುತ್ತವೆ ಕಣ್ರೇ, ನಾವೇ ಸುಮ್ಮನೆ ತಲೆ ಕೆಡಿಸಿಕೊಳ್ಳುತ್ತೇವೆ. ಹೌದು, ಹೊಂದಿಕೊಳ್ಳುತ್ತವೆ. ಹೇಗೆ ಎಂದು ಮಾತ್ರ ನಾವು ಕೇಳುವುದಿಲ್ಲ.

ಅಂದಹಾಗೆ ನನ್ನ ಗಂಡನೂ ಬೀಜದ ಕಂಪನಿಯ ಕೆಲಸಕ್ಕೆ ದಿನವಿಡೀ ಊರೂರು ತಿರುಗುವವರೇ. ಅಪ್ಪನ ಲೋಡು ಯಾಕಿಲ್ಲ? ಬಾರ್ ರೂಮಿನಲ್ಲಿ ಯಾವ ಗಂಡಸನ್ನಾದರೂ 'ಮಗುವನ್ನು ಹೇಗೆ ಬಿಟ್ಟು ಬಂದಿರಿ' ಎಂದು ಕೇಳಿದ್ದನ್ನು ಕಂಡಿದ್ದೀರಾ? ಸಿಟ್ಟು ಬರುತ್ತದೆ. ಆದರೆ ಆ ಸಿಟ್ಟಿನಿಂದ ಲೋಡು ಕುರ್ಚಿಯಿಂದ ಏಳುವುದಿಲ್ಲವಲ್ಲ.

ಸಂಜೆಯಾಯಿತು. ಅತ್ತೆ ದೇವರ ಮುಂದೆ ದೀಪ ಹಚ್ಚಿದರು. ನಾನು ಪಡಸಾಲೆಯಲ್ಲಿ ಸುಮ್ಮನೆ ನಿಂತಿದ್ದೆ. ಸಿರಿ ಎಲ್ಲಿಂದಲೋ ಓಡಿ ಬಂದು ಕಾಲು ತಬ್ಬಿಕೊಂಡಳು. ಮುಖದ ತುಂಬ ನಗೆ.

"ಮಮ್ಮಿ! ಈಗ ಬಂದಿ?"

ಮಧ್ಯಾಹ್ನದಿಂದ ನಾನು ಮನೆಯಲ್ಲೇ ಇದ್ದೆ.

ಅವಳು ಜಿಲೇಬಿ ತಿನ್ನುತ್ತ ಕೂತಾಗ ಆಫೀಸಿಗೆ ಹೋಗಿ ಲೋಡಿನ ಗೌನಿಗೆ ಕೈ ಹಾಕಿದೆ. ಮಡಿಲಿನ ಜಾಗದಲ್ಲಿ ಮಗುವಿನ ತಲೆಯಷ್ಟೇ ಒಂದು ಕುಳಿ ಬಿದ್ದಿತ್ತು. ಹಿಂದಿನಿಂದ ಅತ್ತೆ ಅಂದರು:

"ಬಿಚ್ಚು, ಬ್ಯಾಡ ಅನ್ನೂದಿಲ್ಲ. ಆದ್ರ ನಾಳೆ ಮಧ್ಯಾಹ್ನ ಕೂಸು ಯಾರ ತೊಡಿ ಮ್ಯಾಲೆ ಮಕ್ಕೋಬೇಕು? ನನಗ ಮೊಣಕಾಲ ಬ್ಯಾನಿ. ನೀ ಇರ್ತೀ ಏನು?"

ಮರುದಿನ ಹಾವೇರಿಯಲ್ಲಿ ವಾದ ಮಂಡನೆ ಇತ್ತು. ತಪ್ಪಿಸುವಂತಿರಲಿಲ್ಲ. ಗೌನು ಬಿಚ್ಚಲಿಲ್ಲ.

ಬೆಳಿಗ್ಗೆ ಫೈಲುಗಳನ್ನು ಎತ್ತಿಕೊಳ್ಳುವಾಗ ನೋಡಿದೆ, ಲೋಡಿನ ಬ್ಯಾಂಡು ಸೊಟ್ಟಗಾಗಿತ್ತು. ಸರಿ ಮಾಡಿದೆ. ಜಾರಿದ್ದ ಕನ್ನಡಕ ಏರಿಸಿದೆ. "ಮಗಳನ್ನ ಛಲೋತ್ನ್ಯಾಗ ನೋಡ್ಕೋವಾ" ಎಂದು ಹೇಳಿ ಬಸ್ಸಿಗೆ ಓಡಿದೆ.

ಅತ್ತೆ ಆಗ ಹಿತ್ತಲಲ್ಲಿದ್ದರು. ಹಾಗಾದರೆ ನಾನು ಹೇಳಿದ್ದು ಯಾರಿಗೆ?