ಸೀನು ತಡೆಯುವ ವಿದ್ಯೆ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೋಗಿ ಸೀನದೆ ಮರಳಿದವನನ್ನು ನಾನು ಕಂಡಿಲ್ಲ ಎಂದು ಬರೆಯಹೊರಟವನು ತಡೆದೆ, ಒಬ್ಬನನ್ನು ಕಂಡಿದ್ದೇನೆ. ಮೇಡ್ಲೇರಿಯ ನಾಗಪ್ಪ, ನನ್ನ ಚಿಕ್ಕಪ್ಪನ ಮಗ. ಕೆಂಪು ರಾಶಿಗಳ ನಡುವೆ ನಾನು ಧೋತರದ ಚುಂಗಿನಲ್ಲಿ ಮೂಗೊರೆಸುತ್ತ, ಸಕಲ ಗಾಂಭೀರ್ಯವನ್ನೂ ಕಳೆದುಕೊಂಡು ನಿಂತಿದ್ದರೆ, ಅವನು ಮೇಲ್ದುಟಿಗೆ ಬೆರಳೊತ್ತಿ ಶಾಂತನಾಗಿರುತ್ತಾನೆ.

ಆ ವಿದ್ಯೆ ಕಲಿಸಿದ್ದು ಅವನು ಹಿಂದೆ ಇದ್ದ ಸೈನ್ಯದ ಬೇಹುದಳ. ಆರಿಸಿ ತೆಗೆದ ಆರು ಮಂದಿ ಎದುರಾಳಿಯ ಠಾಣ್ಯದ ಸಮೀಪಕ್ಕೆ ನುಸುಳಿ, ತೋಪೆಷ್ಟು, ಕಾವಲು ಬದಲಾಗುವುದು ಯಾವಾಗ ಎಂಬುದನ್ನೆಲ್ಲ ಕಣ್ಣಲ್ಲೇ ಬರೆದುಕೊಂಡು, ಹೋದ ಗುರುತೂ ಉಳಿಯದಂತೆ ಮರಳಬೇಕು. ಗುಂಡು ಹಾರಿತೆಂದರೆ ಕೆಲಸ ಕೆಟ್ಟಿತು. ಒಮ್ಮೆ ನಾಗಪ್ಪನ ತಂಡ ಹಿಮದ ಬಂಡೆಯ ಸಂದಿಯಲ್ಲಿ ಮೂರು ದಿನ ಕೂತಾಗ ಅವರಲ್ಲೊಬ್ಬನಿಗೆ ಎದೆಗೆ ಶೀತವೇರಿತು. ಕೆಮ್ಮು ಬಂದಾಗೆಲ್ಲ ಬಾಯಿಗೆ ಕೈಗವಸು ತುರುಕಿಕೊಂಡ. ಐವರು ನಡೆದು ಬಂದರು, ಆರನೆಯವನು ಅವರ ಹೆಗಲ ಮೇಲೆ ಹೆಣವಾಗಿ ಬಂದ.

ರಾಣೆಬೆನ್ನೂರಿನಲ್ಲಿ ಮಾಜಿ ಸೈನಿಕರ ಸತ್ಕಾರಕ್ಕೆ ನಾಗಪ್ಪನನ್ನು ಒಪ್ಪಿಸಿದವನು ನಾನೇ. “ನನಗ ಶಾಲು ಬ್ಯಾಡಣ್ಣಾ. ಅವನ ಹೆಸರು ನಾಲ್ಕು ಮಂದಿ ಮುಂದ ಒಮ್ಮೆ ಹೇಳಾಕ ಬಿಡ್ತಾರಂದ್ರ ಬರ್ತೇನಿ” ಎಂದಿದ್ದ. ಮಾತು ಕೊಟ್ಟೆ. ಕೊಟ್ಟವನೇ ವೇದಿಕೆ ಹತ್ತಿ, ರಣಸಿಂಹ, ಗರುಡನೇತ್ರ ಎಂದು ಹಿರಿಯರಿಂದ ಕಲಿತ ವಿಶೇಷಣಗಳನ್ನೆಲ್ಲ ಸುರಿದು, ಅವನ ಪಾಲಿನ ವೇಳೆಯನ್ನೂ ನುಂಗಿದೆ.

ನಿರೂಪಕ ಕೇಳಿದ: “ಸಾಹೇಬ್ರ, ಎಷ್ಟ ಮಂದೀನ ಹೊಡದೀರಿ?”

“ಯಾರನ್ನೂ ಇಲ್ರಿ. ನಮ್ಮದು ನೋಡಿ ಬರೂ ಕೆಲಸ.”

ಮುಂದಿನ ಸಾಲಿನ ಉಂಗುರದ ಕೈಯೊಂದು ಎದ್ದಿತು. “ಬರೇ ನೋಡಿ ಬರಾಕ ಸೈನ್ಯ ಯಾಕ ಬೇಕೋ ಯಪಾ? ನಾವೂ ದಿನಾ ಸ್ಟೇಷನ್ನಿಗೆ ಹೋಗಿ ರೈಲು ನೋಡಿ ಬರ್ತೇವಿ.”

ಸಭೆ ನಕ್ಕಿತು. ನಾಗಪ್ಪ, “ನನ್ನ ಸಂಗಡ ಒಬ್ಬಾಂವ ಇದ್ದನ್ರಿ, ಅವನ ಹೆಸರು” ಎನ್ನುವಷ್ಟರಲ್ಲಿ ಮೈಕು ಕೈತಪ್ಪಿತು, ಶಾಲು ಹೆಗಲೇರಿತು, ಫೋಟೋದವನ ಕಡೆಗೆ ಅವನ ಮುಖ ತಿರುಗಿಸಲಾಯಿತು. ನನಗಿನ್ನೂ ಸಿಟ್ಟು ಇಳಿದಿಲ್ಲ. ಗಿರಮಿಟ್ಟು ಮೆಲ್ಲುತ್ತ ಟೀವಿ ಮುಂದೆ ದಿನಕ್ಕೊಂದು ಯುದ್ಧ ಗೆಲ್ಲುವ ಈ ಮಂದಿಗೆ ಶೌರ್ಯವೆಂದರೆ ಸದ್ದು; ಎದೆ ಒಡೆದರೂ ಕೆಮ್ಮದೆ ಸತ್ತವನಿಗೆ ಅರ್ಧ ನಿಮಿಷವಿಲ್ಲ. ಆ ಉಂಗುರದವನನ್ನು ಮನಸ್ಸಿನಲ್ಲೇ ಎಷ್ಟೋ ಸಲ ಬೈದಿದ್ದೇನೆ. ಬೈಯುತ್ತಲೇ ನೆನಪಾಗುತ್ತದೆ: ಕೊನೆಯ ಚಪ್ಪಾಳೆಯಲ್ಲಿ ನನ್ನ ಕೈಗಳೂ ಇದ್ದವು. ಅಷ್ಟು ವಿಶೇಷಣ ಪೋಣಿಸಿದ ನಾನು, ಸತ್ತವನ ಹೆಸರೇನೆಂದು ತಮ್ಮನನ್ನು ಒಮ್ಮೆಯೂ ಕೇಳಿರಲಿಲ್ಲ.

ಮೊನ್ನೆ ಮತ್ತೆ ಬ್ಯಾಡಗಿ. ಘಾಟು ಕಣ್ಣಿಗೇರುತ್ತಿತ್ತು. “ಅವನ ಹೆಸರೇನೋ ನಾಗಪ್ಪಾ?” ಎಂದೆ.

ಅವನು ನನ್ನ ಕಡೆಗೆ ತಿರುಗಿದ. ತುಟಿಯ ಮೇಲಿನ ಬೆರಳು ತೆಗೆದ. “ದೇವಸಿಂಗ, ಅಣ್ಣಾ. ಗುಡ್ಡದ ಊರಾಂವ. ಅವರವ್ವ…”

ಅಷ್ಟರಲ್ಲಿ ನನ್ನ ಮೂಗಿನಲ್ಲಿ ಆ ಹಾಳು ಸೀನು ಎದ್ದಿತು. ಬೆರಳನ್ನು ಮೇಲ್ದುಟಿಗೆ ಒತ್ತಿಹಿಡಿದೆ. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ನಾಗಪ್ಪ ಹೇಳಿ ಮುಗಿಸುವವರೆಗೆ ಸೀನಲಿಲ್ಲ.