ಹಲಗೆಯ ಮೇಲೆ ಒಂದು ಅಳಿಲಿನ ತೊಗಲು

ಬೋನಿಗೆ ಬಿದ್ದ ಬೂದು ಅಳಿಲನ್ನು ಮತ್ತೆ ಹೊರಗೆ ಬಿಡುವುದು ಇಂಗ್ಲೆಂಡಿನಲ್ಲಿ ಅಪರಾಧ. ಈ ಸಂಗತಿ ನಮ್ಮ ಮನೆಯವರಿಗೆ ಗೊತ್ತಾದದ್ದು ಅಳಿಲು ಬೋನಿಗೆ ಬಿದ್ದ ಮೇಲೆ.

ತೊಂಬತ್ತರ ದಶಕದ ಕೊನೆಯ ಒಂದು ಅಕ್ಟೋಬರ್. ನನಗೆ ಹದಿನೇಳು. ಸಟನ್‌ನ ನಮ್ಮ ಮನೆಯ ಅಟ್ಟದಲ್ಲಿ ಅಳಿಲುಗಳು ಸೇರಿಕೊಂಡಿದ್ದವು. ಸೂರಿನ ಕೆಳಗಿನ ಹಲಗೆಯನ್ನು ಕಡಿದು ಮುಷ್ಟಿಯಷ್ಟು ತೂತು ಮಾಡಿಕೊಂಡು, ಒಳಗೆ ಹೋಗಿ ವೈರು ಕಡಿಯುತ್ತಿದ್ದವು. ಎರಡು ಸಲ ಅರ್ಧ ಮನೆಯ ದೀಪ ಹೋಯಿತು. ಅಮ್ಮ ಆ ವರ್ಷ ಬೇರೆ ಊರಿನ ಆಸ್ಪತ್ರೆಯಲ್ಲಿ ತರಬೇತಿಗಿದ್ದಳು, ತಿಂಗಳಿಗೊಮ್ಮೆ ಬರುತ್ತಿದ್ದಳು. ಮನೆ ನೋಡಿಕೊಳ್ಳಲು ಧಾರವಾಡದಿಂದ ಅಪ್ಪನ ತಾಯಿ, ನನ್ನ ಅಜ್ಜಿ, ಆರು ತಿಂಗಳ ವೀಸಾದ ಮೇಲೆ ಬಂದಿದ್ದಳು.

ಅಪ್ಪನೂ ಡಾಕ್ಟರು. ರೋಗ ಗೊತ್ತಾದ ಮೇಲೆ ತಡಮಾಡುವ ಅಭ್ಯಾಸ ಇಲ್ಲ. ಪಕ್ಕದ ಮನೆಯ ಮುದುಕರಿಂದ ತಂತಿಯ ಬೋನು ಕೇಳಿ ತಂದು, ಅಜ್ಜಿ ಕಟ್ಟಿದ ಶೇಂಗಾ ಉಂಡಿಯೊಂದನ್ನು ಒಳಗಿಟ್ಟು, ಬೇಲಿಯ ಬುಡದಲ್ಲಿ ಇರಿಸಿದ. ಅವನ ಯೋಜನೆ ಶುದ್ಧ ಧಾರವಾಡದ್ದು. ಅಲ್ಲಿ ಬೋನಿಗೆ ಬಿದ್ದ ಇಲಿಯನ್ನು ಯಾರೂ ಕೊಲ್ಲುತ್ತಿರಲಿಲ್ಲವಂತೆ; ಮುಂದಿನ ಓಣಿಯಲ್ಲಿ ಬಿಟ್ಟು ಬರುತ್ತಿದ್ದರಂತೆ. ಆ ಓಣಿಯವರು ತಮ್ಮ ಇಲಿಯನ್ನು ನಮ್ಮ ಓಣಿಯಲ್ಲಿ ಬಿಡುತ್ತಿದ್ದರು ಎಂಬುದನ್ನು ನಾನು ಎತ್ತಿದಾಗ ಅಪ್ಪ, "ಅದು ಅವರವರ ಕರ್ಮ," ಅಂದಿದ್ದ.

ಮೊದಲ ಅಳಿಲು ಮರುದಿನವೇ ಬಿತ್ತು. ಅಪ್ಪ ಬೋನನ್ನು ಕಾರಿನ ಡಿಕ್ಕಿಗೆ ಇಡುತ್ತಿದ್ದಾಗ ಮುದುಕರು ಬೇಲಿಯಾಚೆಯಿಂದ ಕೇಳಿದರು.

"ಎಲ್ಲಿಗೆ ಡಾಕ್ಟರೇ?"

"ಪಾರ್ಕಿಗೆ. ಬಿಟ್ಟು ಬರೋದಕ್ಕೆ."

"ಬಿಡೋ ಹಾಗಿಲ್ಲ. ಕಾನೂನು. ಹಿಡಿದ ಮೇಲೆ ಮುಗಿಸಬೇಕು." ಅಪ್ಪನ ಮುಖ ನೋಡಿ, "ಕೊಡಿ ಇಲ್ಲಿ," ಎಂದು ಕೈಚಾಚಿದರು.

ಅಪ್ಪ ಕೊಟ್ಟ. ಸಂಜೆ ಬೋನು ತೊಳೆದು ಖಾಲಿಯಾಗಿ ಬಂತು. ಏನಾಯಿತೆಂದು ನಾನು ಕೇಳಿದೆ; ತೊಗಲು ಸುಲಿದು ಒಣಗಲು ಹಾಕಿದ್ದೇನೆ ಎಂದರು ಮುದುಕರು. ಅಪ್ಪ ಕೇಳಲಿಲ್ಲ. ಮತ್ತೊಂದು ಉಂಡಿ ಇಟ್ಟ.

ಅಜ್ಜಿಗೆ ಅವನು ಹೇಳಿದ ಸಮಾಧಾನ ಇನ್ನೂ ಚೆಂದ. "ಅವ್ವಾ, ಇವು ನಮ್ಮ ಅಳಿಲಲ್ಲ. ಬೆನ್ನ ಮ್ಯಾಲೆ ಮೂರು ಪಟ್ಟಿ ಇಲ್ಲ, ನೋಡಿಲ್ಲೇನು?"

"ಪಟ್ಟಿ ಇಲ್ಲಂದ್ರ ಜೀವ ಇಲ್ಲೇನೋ?" ಎಂದು ಅಜ್ಜಿ ಒಳಗೆ ಹೋದಳು. ಆದರೆ ಉಂಡಿ ಕೊಡುವುದನ್ನು ನಿಲ್ಲಿಸಲಿಲ್ಲ. ಇದನ್ನೂ ನಾನು ಗುರುತು ಹಾಕಿಟ್ಟುಕೊಂಡೆ.

ಶಾಲೆಯ ಚರ್ಚಾ ತಂಡದಲ್ಲಿ ನಮಗೆ ಕಲಿಸಿದ್ದು ಇದನ್ನೇ: ಎದುರಾಳಿ ಹೇಳುವುದನ್ನು ಬಿಟ್ಟು, ಮಾಡುವುದನ್ನು ಹಿಡಿ. ಎರಡನೆಯ ಅಳಿಲು ಬೋನಿನಲ್ಲಿ ಬೇಲಿಯಾಚೆ ಹೋದ ದಿನ ಊಟದ ಹೊತ್ತಿಗೆ ಅಪ್ಪನನ್ನು ಹಿಡಿದೆ. ನಾನು ಇಂಗ್ಲಿಷಿನಲ್ಲಿ, ಅಪ್ಪ ಕನ್ನಡದಲ್ಲಿ. ನಮ್ಮ ಜಗಳಗಳು ಯಾವಾಗಲೂ ಹಾಗೆಯೇ ನಡೆಯುತ್ತಿದ್ದವು.

"ಕೊಲ್ಲುವ ಕೈ ಬೇರೆಯವರದಾದರೆ ಕೊಂದದ್ದು ನೀನಲ್ಲವೇ?"

"ನಾ ಎಲ್ಲಿ ಕೊಂದೇನಿ?"

"ಬೋನು ಇಟ್ಟವರು ಯಾರು? ಉಂಡಿ ಇಟ್ಟವರು ಯಾರು? ಪಕ್ಕದ ಮನೆಯವರಾದರೂ ಕೊಲ್ಲುತ್ತೇನೆ ಅನ್ನುತ್ತಾರೆ. ನೀನು ಕೊಲ್ಲಿಸಿ, ಸಸ್ಯಾಹಾರಿ ಅನ್ನುತ್ತೀ."

"ಮತ್ತ ಏನ್ ಮಾಡಬೇಕು, ಬ್ಯಾರಿಸ್ಟರಮ್ಮ? ವೈರ್ ಹತ್ತಿ ಉರದು ಮನಿ ಸುಡಬೇಕೇನು?"

"ತೂತು ಮುಚ್ಚು. ತಂತಿ ಜಾಳಿಗೆ ಬಡಿ."

"ಏಣಿ ಹತ್ತವರು ಯಾರು? ನನಗ ಟೈಮ್ ಇಲ್ಲ. ನಿನಗ ಬಾಯಿ ಬಿಟ್ಟರ ಬ್ಯಾರೆ ಅಂಗ ಇಲ್ಲ."

ಅಜ್ಜಿ ನಕ್ಕಳು. ಅದು ನನಗೆ ತಾಕಿತು. ಕನಿಷ್ಠ ಪಕ್ಷ ಕೊಂದದ್ದನ್ನು ಕಣ್ಣಿಟ್ಟು ನೋಡಬೇಕು, ಮುದುಕರು ಅದರ ತೊಗಲನ್ನಾದರೂ ಉಳಿಸುತ್ತಾರೆ, ನಾವು ನೋಡುವುದೂ ಇಲ್ಲ ಎಂದೆ. ಅಪ್ಪ ತಟ್ಟೆ ಸರಿಸಿದ.

"ಹಂಗಾದ್ರ ಕೇಳು. ನೀ ಏನರ ಒಂದು ಕೆಲಸಾ ಹಿಡದು ಮುಗಿಸಿದ್ದು ನಾ ನೋಡಿಲ್ಲ. ವಯಲಿನ್ ಅರ್ಧ, ಈಜು ಅರ್ಧ. ಮುಂದಿನ ರವಿವಾರದೊಳಗ ಒಂದು ತೊಗಲು ನೀನ ಛಲೋತ್ನಾಗ ಒಣಗಿಸಿ ಈ ಟೇಬಲ್ ಮ್ಯಾಲೆ ತಂದಿಡು. ಬೋನು ವಾಪಸ್ ಕೊಡ್ತೇನಿ, ಜಾಳಿಗಿನೂ ಬಡಸ್ತೇನಿ. ಆಗಲಿಲ್ಲಂದ್ರ ಬೋನಿನ ಮಾತು ಈ ಮನ್ಯಾಗ ಮತ್ತ ಎತ್ತಬ್ಯಾಡ."

ಒಪ್ಪಿದೆ. ಅಟ್ಟದಲ್ಲಿ ಉಳಿದ ಅಳಿಲುಗಳ ಪ್ರಾಣ, ಸತ್ತ ಒಂದು ಅಳಿಲಿನ ಚರ್ಮ ನೆಟ್ಟಗೆ ಒಣಗುವುದರ ಮೇಲೆ ನಿಂತಿತು.

ಮುದುಕರು ರಿಟೈರ್ ಆದ ಬಸ್ ಡ್ರೈವರ್. ಹುಟ್ಟಿದ್ದು ಹಳ್ಳಿಯಲ್ಲಿ, ಅವರ ತಂದೆ ಹೊಲಗಳಲ್ಲಿ ಹೆಗ್ಗಣದಂಥ ಪ್ರಾಣಿಗಳನ್ನು ಹಿಡಿದು ತೊಗಲು ಮಾರುತ್ತಿದ್ದರಂತೆ. ಹಿತ್ತಲಿನ ಮರದ ಶೆಡ್ಡಿನ ಗೋಡೆಗೆ ಏಳೆಂಟು ಹಲಗೆಗಳು ಒರಗಿದ್ದವು. ಒಂದೊಂದರ ಮೇಲೂ ಒಂದೊಂದು ಅಳಿಲು, ಅಂಗಿ ಬಿಚ್ಚಿ ಹರವಿದ ಹಾಗೆ, ಕೂದಲು ಹಲಗೆಯ ಕಡೆಗೆ, ಒಳಮೈ ನಮ್ಮ ಕಡೆಗೆ. ಕೆಟ್ಟ ವಾಸನೆ ಬರುತ್ತದೆಂದು ಮೂಗು ಸಿದ್ಧಮಾಡಿಕೊಂಡು ಹೋಗಿದ್ದೆ. ಹಳೆಯ ಮೇಣದಬತ್ತಿಯ ವಾಸನೆಯಿತ್ತು, ಅಷ್ಟೆ.

ನನ್ನ ಪಾಲಿಗೆ ಬಂದದ್ದು ಮೂರನೆಯ ಅಳಿಲು. ಸುಲಿದು ಕೊಟ್ಟದ್ದು ಅವರು, ಉಳಿದದ್ದು ನನ್ನದು. ಮೊಂಡು ಚಾಕುವಿನಿಂದ ಕೊಬ್ಬು ಹೆರೆಯಬೇಕು. ಜೋರಾಗಿ ಒತ್ತಿದರೆ ತೊಗಲು ತೂತಾಗುತ್ತದೆ, ಮೆಲ್ಲಗೆ ಒತ್ತಿದರೆ ಕೊಬ್ಬು ಜಾರಿಕೊಂಡು ಅಲ್ಲೇ ಉಳಿಯುತ್ತದೆ. ಆಮೇಲೆ ಡಬ್ಬಿಯಲ್ಲಿದ್ದ ಸಣ್ಣ ಮೊಳೆಗಳಿಂದ ಹಲಗೆಗೆ ಬಿಗಿಯಬೇಕು. ಕುತ್ತಿಗೆಗೆ ಒಂದು, ಬಾಲದ ಬುಡಕ್ಕೆ ಒಂದು, ನಂತರ ಎಡಕ್ಕೊಂದು ಬಲಕ್ಕೊಂದು, ಎರಡೂ ಕಡೆ ಸಮ ಎಳೆತ. ನಾನು ಬಿಗಿಯಾಗಿ ಎಳೆದೆ. ಮುದುಕರು ನಾಲ್ಕು ಮೊಳೆ ಕಿತ್ತು ಸಡಿಲಿಸಿದರು.

"ಒಣಗುವಾಗ ಅದೇ ಬಿಗಿಯುತ್ತದೆ. ಅದರ ಕೆಲಸ ಅದಕ್ಕೆ ಬಿಡು."

"ಎಷ್ಟು ದಿನ?"

"ಆಗುವಷ್ಟು ದಿನ."

"ರವಿವಾರಕ್ಕೆ ಆಗುತ್ತದೆಯೇ?"

"ಗಾಳಿಯನ್ನು ಕೇಳು," ಎಂದು ಕಿಟಕಿ ಒಂದು ಬೆರಳಿನಷ್ಟು ತೆರೆದರು. "ಬಿಸಿ ತಾಗಿಸಬೇಡ. ತಂಪು, ನೆರಳು, ಗಾಳಿ. ಮುಟ್ಟಬೇಡ."

ಮುಟ್ಟಿದೆ. ಸೋಮವಾರ ಶಾಲೆಯಿಂದ ಬಂದು ಬ್ಯಾಗ್ ಇಳಿಸುವ ಮೊದಲೇ ಹೋಗಿ ಬೆರಳಿಟ್ಟೆ. ತಣ್ಣಗೆ, ಒದ್ದೆ ಕರವಸ್ತ್ರದ ಹಾಗಿತ್ತು. ಮಂಗಳವಾರ ಎರಡು ಸಲ. ಬುಧವಾರ ಮಳೆ, ಗಾಳಿಯೇ ನೆನೆದಂತಿತ್ತು. ಕ್ಲಾಸಿನಲ್ಲಿ ಕೂತರೂ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಪ್ಪ ಆಸ್ಪತ್ರೆಯಿಂದ ಬಂದವನೇ, "ಹೆಂಗಿದ್ದಾರ ಪೇಷಂಟು?" ಎಂದು ಕೇಳುವನು. ಬೋನು ಅಲ್ಲೇ ಬೇಲಿಯ ಬುಡದಲ್ಲಿ, ಉಂಡಿಯ ಸಮೇತ. ಪಂದ್ಯ ಮುಗಿಯುವವರೆಗೆ ಅದನ್ನು ತೆಗೆಯಬೇಕೆಂದು ನಾನು ಷರತ್ತಿನಲ್ಲಿ ಸೇರಿಸಿರಲಿಲ್ಲ. ಗುರುವಾರ ನಾಲ್ಕನೆಯದು ಬಿತ್ತು.

ಶುಕ್ರವಾರ ಸಂಜೆ ನೋಡಿದಾಗ ನಡು ಒಣಗಿತ್ತು, ಕಂಕುಳ ಮತ್ತು ಅಂಚು ಇನ್ನೂ ಮೆತ್ತಗಿದ್ದವು. ಉಳಿದದ್ದು ಎರಡು ದಿನ. ಹಲಗೆಯನ್ನು ಕೋಟಿನೊಳಗೆ ಮುಚ್ಚಿಕೊಂಡು ಮನೆಗೆ ತಂದೆ.

ನಮ್ಮ ಮನೆಯಲ್ಲಿ ಬಿಸಿನೀರಿನ ಟ್ಯಾಂಕ್ ಇದ್ದ ಕಪಾಟೊಂದಿತ್ತು. ಅಜ್ಜಿ ಬಂದ ಮೊದಲ ವಾರವೇ ಅದನ್ನು ಧಾರವಾಡದ ಮಾಳಿಗೆ ಮಾಡಿಕೊಂಡಿದ್ದಳು. ಕೆಳಗಿನ ಹಲಗೆಯಲ್ಲಿ ಸಂಡಿಗೆ, ಮೇಲೆ ಅಡ್ಡ ಕೋಲಿಗೆ ಅವಳ ಮಡಿ ಸೀರೆ. ಅವಳು ಮಿಂದು ಬಂದು ಉಡುವ ತನಕ ಆ ಸೀರೆಯನ್ನು ಯಾರೂ ಮುಟ್ಟುವಂತಿಲ್ಲ. ಬಿಸಿಲಿಲ್ಲದ ಈ ಊರಿನಲ್ಲಿ ಸಂಡಿಗೆ ಎರಡೇ ದಿನಕ್ಕೆ ಗರಿಗರಿಯಾಗಿ ಒಣಗುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಹಪ್ಪಳ, ಮೆಣಸಿನಕಾಯಿ, ಗಾದಿ, ತಲೆಕೂದಲು, ಎಲ್ಲವನ್ನೂ ಕಾವಿಗೊಡ್ಡಿ ಒಣಗಿಸುವ ಜನ ನಾವು. ಮುದುಕರ ಎಚ್ಚರಿಕೆ ಇಂಗ್ಲಿಷ್ ಹವಾಮಾನದ ಮೂಢನಂಬಿಕೆಯೆಂದು ಮನಸ್ಸಿನಲ್ಲೇ ವಾದ ಮಾಡಿ, ನಾನೇ ತೀರ್ಪು ಕೊಟ್ಟುಕೊಂಡು, ಹಲಗೆಯನ್ನು ಟ್ಯಾಂಕಿನ ನೆತ್ತಿಯ ಮೇಲೆ, ಸೀರೆಯ ಹಿಂದೆ ನಿಲ್ಲಿಸಿದೆ.

ಶನಿವಾರ ಬೆಳಿಗ್ಗೆ ಅಜ್ಜಿಯ ಕೂಗಿಗೆ ಎಚ್ಚರವಾಯಿತು.

"ಯಾರ ಹೆಣಾ ಇಟ್ಟೀರಿ ಇಲ್ಲಿ?"

ಸ್ನಾನದ ಒದ್ದೆ ಬಟ್ಟೆಯಲ್ಲೇ ಅವಳು ಕಪಾಟಿನ ಎದುರು ನಿಂತಿದ್ದಳು. ತೊಗಲು ಕಾವಿಗೆ ಸೆಟೆದು, ಎರಡೂ ಪಕ್ಕದ ಮೊಳೆಗಳಿಂದ ಹರಿದುಕೊಂಡು, ಕರಿದ ಹಪ್ಪಳದ ಹಾಗೆ ಸುರುಳಿಯಾಗಿತ್ತು. ಹೆರೆಯದೆ ಉಳಿದಿದ್ದ ಕೊಬ್ಬು ಕರಗಿ ಸೀರೆಯ ಅಂಚಿಗೆ ಅಂಗೈಯಗಲ ಕಲೆ ಹತ್ತಿತ್ತು. ಅಪ್ಪ ಬೆಳಗಿನ ಡ್ಯೂಟಿಗೆ ಹೋಗಿಯಾಗಿತ್ತು.

ತಪ್ಪಾಯಿತು ಅನ್ನಬೇಕಿತ್ತು. ಆದರೆ ಬಾಯಿಗೆ ಬಂದದ್ದು ವಾದ. ಅಜ್ಜಿಯ ಜೊತೆ ಕನ್ನಡದಲ್ಲೇ ಮಾತಾಡಬೇಕು. ಆ ಭಾಷೆಯಲ್ಲಿ ನನ್ನ ಬಳಿ ಇದ್ದದ್ದು ಅಡಿಗೆಮನೆಯ ಮಾತು ಮಾತ್ರ.

"ನೀ ಧಾರವಾಡದಿಂದ ತಂದ ಅಜ್ಜನ ಜಿಂಕಿ ಚರ್ಮ ನಿನ್ನ ದೇವರ ಕಪಾಟಿನ್ಯಾಗ ಅದ. ಅದೂ ತೊಗಲ. ಅದು ಹೆಂಗ ಮಡಿ?"

"ಅದು ಮಡಿ."

"ಯಾಕ?"

"ಅದರ ಮ್ಯಾಲೆ ಕೂತು ನಿಮ್ಮಜ್ಜ ಜಪಾ ಮಾಡ್ತಿದ್ರು."

"ಕೂಡೂಕಿಂತ ಮೊದಲು?"

ಅಜ್ಜಿ ನನ್ನ ಕಡೆ ತಿರುಗಿದಳು. "ಹೆಂಗೂ ಮೈಲಿಗಿ ಆಗೇದ. ಹೆಂಗೂ ಮತ್ತ ಸ್ನಾನ ಮಾಡೂದದ. ತಗೊಂಡ ಬಾ ಅದನ್ನ, ವಕೀಲಮ್ಮ. ನೋಡೇ ಬಿಡೂಣು."

ತಂದೆ. ನೆಲದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟೆವು. ಜಿಂಕೆಯದು ಮೆತ್ತಗೆ, ಮಡಿಸಿದರೆ ಬಟ್ಟೆಯ ಹಾಗೆ ಮಡಚಿಕೊಳ್ಳುತ್ತಿತ್ತು. ಮೂರು ಅಂಚು ಕತ್ತರಿಸಿ ಕೆಂಪು ಪಟ್ಟಿ ಹೊಲಿದಿದ್ದರು. ನಾಲ್ಕನೆಯ ಅಂಚಿನ ಹೊಲಿಗೆ ಎಂದೋ ಬಿಚ್ಚಿತ್ತು. ನಾನು ಪಟ್ಟಿಯನ್ನು ಎತ್ತಿದೆ. ಅಂಚಿನುದ್ದಕ್ಕೂ, ಬೆರಳೆರಡರಷ್ಟು ದೂರಕ್ಕೊಂದರಂತೆ, ತೂತುಗಳು.

ಅಜ್ಜಿ ಕಿರುಬೆರಳನ್ನು ಒಂದು ತೂತಿಗಿಟ್ಟಳು. ನನ್ನ ಅಳಿಲಿನ ಹರಿದ ತೂತನ್ನು ನೋಡಿದಳು, ಮತ್ತೆ ಇದನ್ನು ನೋಡಿದಳು.

"ನಲವತ್ತು ವರ್ಷ ಇದನ್ನ ಝಾಡಿಸಿ ಹಾಸೇನಿ," ಅಂದಳು. "ಮೊಳಿ ಹೊಡದಿದ್ದು ಕಂಡಿದ್ದಿಲ್ಲ."

"ಯಾರು ಹೊಡದಿದ್ದು? ಅವರನ್ನ ನಿಮ್ಮ ಮನಿಯೊಳಗ ಬಿಡ್ತಿದ್ರೇನು?"

"ಇಲ್ಲ."

ಇಷ್ಟೇ ಅಂದಳು. ಸಮರ್ಥನೆ ಇಲ್ಲ, ಶಾಸ್ತ್ರ ಇಲ್ಲ. ನನ್ನ ಬಳಿ ಮುಂದಿನ ಮೂರು ಪ್ರಶ್ನೆಗಳು ಸಾಲಾಗಿ ಕಾದಿದ್ದವು; ಒಂದಕ್ಕೂ ಕೆಲಸ ಉಳಿಯಲಿಲ್ಲ. ಅಜ್ಜಿ ಎದ್ದು ಜಿಂಕೆ ಚರ್ಮವನ್ನು ಮಡಿಸಿ ನನ್ನ ಕೈಗೆ ಕೊಟ್ಟು, "ಅಲ್ಲೇ ಇಡು. ಆ ಸೀರಿ ನೀನ ಒಗಿಬೇಕು," ಎಂದು ಬಚ್ಚಲಿಗೆ ಹೋದಳು. ಹೋಗುವಾಗ ಬಾಗಿಲಲ್ಲಿ ನಿಂತು, "ಅದನ್ನ ಮಾಡಿದಾಂವ ಅವಸರ ಮಾಡಿಲ್ಲ, ನೋಡು," ಅಂದಳು.

ಮಧ್ಯಾಹ್ನ ಹಲಗೆ ಹಿಡಿದು ಶೆಡ್ಡಿಗೆ ಹೋದೆ. ಮುದುಕರು ತೊಗಲಿನ ತುದಿಯನ್ನು ಬಗ್ಗಿಸಿದರು, ಚಟ್ಟನೆ ಮುರಿಯಿತು. ಬೈಯಲಿಲ್ಲ. "ಪರವಾಗಿಲ್ಲ. ಮಂಗಳವಾರದೊಳಗೆ ಇನ್ನೊಂದು ಬೀಳುತ್ತದೆ. ಅದರಲ್ಲಿ ಸರಿಯಾಗಿ ಮಾಡು," ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಶೆಡ್ಡಿನಿಂದ ನಮ್ಮ ಬಾಗಿಲಿನವರೆಗೆ ಇಪ್ಪತ್ತು ಹೆಜ್ಜೆ. ಅಷ್ಟರಲ್ಲಿ ಆ ಮಾತಿನ ಅರ್ಥ ಹೊಳೆಯಿತು. ಅಳಿಲುಗಳನ್ನು ಕೊಲ್ಲಬಾರದೆಂದು ಸಾಧಿಸಿ ತೋರಿಸಲು ನನಗೆ ಇನ್ನೊಂದು ಸತ್ತ ಅಳಿಲು ಬೇಕಿತ್ತು.

ಭಾನುವಾರ ಅಪ್ಪ ಚಹಾ ಕುಡಿಯುತ್ತಿದ್ದಾಗ ಹಲಗೆಯನ್ನು ಟೇಬಲ್ಲಿನ ಮೇಲಿಟ್ಟೆ. ಅವನು ಅದನ್ನು ಎಕ್ಸ್‌ರೇ ನೋಡುವ ಹಾಗೆ ನೋಡಿದ. ಮೊದಲ ಸಲ ನೋಡುತ್ತಿದ್ದ.

"ಸೋತೆ," ಅಂದೆ.

"ಇನ್ನೊಂದು ವಾರ ಬೇಕೇನು? ಕೊಡ್ತೇನಿ."

"ಬೇಡ. ಇನ್ನೊಂದು ವಾರ ಅಂದರೆ ಇನ್ನೊಂದು ಅಳಿಲು."

ಅಪ್ಪ ಬೆರಳಿನಿಂದ ಒಂದು ಮೊಳೆಯನ್ನು ಅಲ್ಲಾಡಿಸುತ್ತ ಕೂತ. ನನಗೆ ಕೂರಲಾಗಲಿಲ್ಲ. ಪಕ್ಕದ ಮನೆಗೆ ಹೋಗಿ ಏಣಿ, ಒಂದು ತುಂಡು ತಂತಿ ಜಾಳಿಗೆ, ಅದೇ ಮೊಳೆ ಡಬ್ಬಿ ಕೇಳಿ ತಂದೆ. ಏಣಿಯನ್ನು ಗೋಡೆಗೆ ಒರಗಿಸುವ ಸದ್ದಿಗೆ ಅಪ್ಪ ಹೊರಗೆ ಬಂದು ಬುಡ ಹಿಡಿದ. ಮೊದಲ ದಿನವೇ ಹತ್ತಬಹುದಾಗಿದ್ದ ಏಣಿ ಅದು. ಹದಿನಾಲ್ಕು ಮೆಟ್ಟಿಲು.

ಮೂರು ಬದಿ ಬಡಿದಿದ್ದೆ. ಕೆಳಗಿನಿಂದ ಅಜ್ಜಿ ಕೂಗಿದಳು.

"ಒಳಗ ಯಾವುದೂ ಉಳದಿಲ್ಲಲ್ಲ?"

ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಗೊತ್ತಿರಲಿಲ್ಲ. ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದು, ಒಳಗೆ ಹೋಗಿ ಅಟ್ಟ ಹತ್ತಿ ಟಾರ್ಚ್ ಬಿಟ್ಟೆ. ಪೆಟ್ಟಿಗೆಗಳು, ಹಳೆಯ ಸೂಟ್‌ಕೇಸು, ಮೂಲೆಯಲ್ಲಿ ಎಲೆ ಮತ್ತು ಹರಿದ ಕಾಗದದ ರಾಶಿ. ಏನೂ ಕದಲಲಿಲ್ಲ. ಕದಲದಿರುವುದು ಪುರಾವೆಯಲ್ಲ. ಮುದುಕರನ್ನು ಕೇಳಿದರೆ, ಹಳೆಯ ಪೇಪರನ್ನು ತೂತಿಗೆ ಸಡಿಲವಾಗಿ ತುರುಕಿ ನಾಳೆಯವರೆಗೆ ಬಿಡು, ಒಳಗೆ ಇದ್ದರೆ ತಳ್ಳಿಕೊಂಡು ಹೋಗುತ್ತದೆ, ಅಂದರು. "ಮುಟ್ಟಬೇಡ," ಎಂದು ಸೇರಿಸಿದರು.

ಆ ದಿನವೆಲ್ಲ ಹಿತ್ತಲಿಗೆ ಎಷ್ಟು ಸಲ ಹೋದೆನೋ. ಮುಟ್ಟಲಿಲ್ಲ.

ಸೋಮವಾರ ಬೆಳಿಗ್ಗೆ ಪೇಪರಿನ ಉಂಡೆ ಹುಲ್ಲಿನ ಮೇಲೆ ಬಿದ್ದಿತ್ತು. ಮಂಜಿನಲ್ಲಿ ನೆನೆದಿತ್ತು. ಶಾಲೆಯ ಯೂನಿಫಾರ್ಮಿನಲ್ಲೇ ಏಣಿ ಹತ್ತಿ ನಾಲ್ಕನೆಯ ಬದಿಗೆ ಐದು ಮೊಳೆ ಹೊಡೆದೆ. ಇಳಿಯುವಾಗ ಅಪ್ಪ ಕೋಟು ಹಾಕಿಕೊಂಡು ಬೇಲಿಯ ಬಳಿ ಬಗ್ಗಿದ್ದ. ಬೋನು ಖಾಲಿಯಿತ್ತು. ಉಂಡಿಯನ್ನು ತೆಗೆದು ಹುಲ್ಲಿಗೆಸೆದು, ಬೋನನ್ನು ಬೇಲಿಯಾಚೆ ಮುದುಕರ ಅಂಗಳಕ್ಕೆ ಇಳಿಸಿದ.

"ಇದು ನೀ ಗೆದ್ದದ್ದಲ್ಲ. ತಿಳೀತೇನು?"

ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ಇಂಗ್ಲಿಷಿನದು, ಒಳ್ಳೆಯದೇ.

"ತಿಳೀತು," ಅಂದೆ.