ದಾರಿ ಬಿಡದ ಕ್ರಯಪತ್ರ

ಮುಳಬಾಗಿಲಿನ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಪತ್ರ ಬರೆದು ಬದುಕಿದವನು ನಾನು. ಹೈಸ್ಕೂಲು ಓದಿದವನಿಗೆ ಅದು ಮರ್ಯಾದೆಯ ಕೆಲಸವೇ. ನನಗೆ ಕೆಲಸ ಕಲಿಸಿದ ಹಿರಿಯರದು ಒಂದು ಪದ್ಧತಿಯಿತ್ತು. ಚಕ್ಕುಬಂದಿ ಓದುವಾಗ ಜಮೀನು ಮಾರುವವರನ್ನು ಎಬ್ಬಿಸಿ, ಪೂರ್ವಕ್ಕೆ ಮುಖ ಮಾಡಿಸಿ ನಿಲ್ಲಿಸುತ್ತಿದ್ದರು. ಯಾವ ದಿಕ್ಕಿಗೆ ಯಾರ ಹೊಲ, ಎಲ್ಲಿ ಓಣಿ ಎಂದು ಅವರೇ ಕೈ ತೋರಿಸಿ ಹೇಳಬೇಕು. ಕೂತಾಗ ನೆನಪಾಗದ್ದು ನಿಂತಾಗ ನೆನಪಾಗುತ್ತದೆ ಎನ್ನುತ್ತಿದ್ದರು. ಎಷ್ಟೋ ಜನ ಕೈ ಎತ್ತಿದ ಮೇಲೆಯೇ, "ಆ ಮೂಲೇಲಿ ನಮ್ಮಪ್ಪನ್ನ ಮಣ್ಣು ಮಾಡಿದ್ದೀವಿ, ಅದ್ನ ಬಿಟ್ಟು ಬರೀರಿ ಸಾಮಿ" ಎಂದದ್ದುಂಟು.

ಆಮೇಲೆ ಪತ್ರ ತಯಾರಿಸುವ ಸಾಫ್ಟ್‌ವೇರ್ ಬಂತು. ಸರ್ವೆ ನಂಬರು, ಹೆಸರು, ಅಳತೆ ತುಂಬಿದರೆ ಮಿಕ್ಕ ವಾಕ್ಯಗಳನ್ನೆಲ್ಲ ಅದೇ ಹಾಕಿಕೊಳ್ಳುತ್ತಿತ್ತು. ಕೊನೆಗೆ 'ಓದಿಸಿ ಕೇಳಿ, ಸರಿಯೆಂದು ಒಪ್ಪಿ ಸಹಿ ಮಾಡಿರುತ್ತೇನೆ' ಎಂದೂ ಅದೇ ಬರೆಯುತ್ತಿತ್ತು. ಓದಿದೆನೋ ಇಲ್ಲವೋ ಅದಕ್ಕೆ ಬೇಕಿರಲಿಲ್ಲ. ಬರಬರುತ್ತ ನನಗೂ ಬೇಡವಾಯಿತು.

ಬೈರಕೂರು ಕಡೆಯ ಹೆಂಗಸೊಬ್ಬರು ಬಂದರು, ಗಂಡ ತೀರಿಕೊಂಡವರು. ರಸ್ತೆ ಪಕ್ಕದ ಮಾವಿನ ತೋಪು ಮಾರಿ, ಅದರ ಹಿಂದಿನ ಮನೆ, ಟೊಮ್ಯಾಟೊ ಹೊಲ ಉಳಿಸಿಕೊಳ್ಳುತ್ತಿದ್ದರು. ಆ ಮನೆಗೆ ತೋಪಿನ ನಡುವಿನ ಬಂಡಿದಾರಿ ಬಿಟ್ಟರೆ ಬೇರೆ ದಾರಿಯಿಲ್ಲ.

"ನಮ್ಗೆ ದಾರಿ ಬಿಟ್ಟಿರೋದು ಬರ್ದಿದೀರಾ ಸಾಮಿ?" ಎಂದು ನನ್ನನ್ನು ಕೇಳಿದರು.

ಉತ್ತರ ಕೊಟ್ಟವನು ಕೊಳ್ಳುವವನು. ಮಾಲೂರು ಕಡೆ ಹೊಲಗಳನ್ನು ಸೈಟು ಮಾಡಿ ಮಾರುತ್ತಿದ್ದವನು, ವಾರವಾರ ನನಗೆ ಕೆಲಸ ತರುತ್ತಿದ್ದವನು. "ದಾರಿ ಎಲ್ಲಿಗೋಗ್ತೈತಕ್ಕಾ? ನಿಮ್ಮೆಮ್ಮೆಗೆ ಹೈವೇನೇ ಹಾಕ್ಸಿಕೊಡ್ತೀನಿ. ಪರ್ವಾಲೇದು, ನಡೀರಿ."

ಆಕೆ ನಕ್ಕರು. ನಗುತ್ತಲೇ ನನ್ನ ಮುಖ ನೋಡಿದರು. ನನ್ನೆದುರಿನ ಪರದೆಯ ಮೇಲೆ, ಸಾಫ್ಟ್‌ವೇರ್ ಎಲ್ಲ ಪತ್ರಕ್ಕೂ ಹಾಕುವ ಸಾಲು ಇತ್ತು: 'ಸದರಿ ಸ್ವತ್ತಿನಲ್ಲಿ ಮಾರಾಟಗಾರರಿಗೆ ದಾರಿ, ನೀರು ಮುಂತಾದ ಯಾವ ಹಕ್ಕೂ ಉಳಿದಿರುವುದಿಲ್ಲ.' ಅದನ್ನು ತೆಗೆಯಬೇಕೆಂದರೆ ಕರಡನ್ನು ಮತ್ತೆ ಮೊದಲಿನಿಂದ ಕಚೇರಿಗೆ ಕಳಿಸಬೇಕು. ಅವತ್ತಿನ ನೋಂದಣಿ ತಪ್ಪುತ್ತಿತ್ತು. ಆಕೆಯನ್ನು ಎಬ್ಬಿಸಿ ನಿಲ್ಲಿಸಲಿಲ್ಲ. ಓದಲೂ ಇಲ್ಲ. "ಎಲ್ಲಾ ಐತಮ್ಮಾ" ಎಂದು ಪ್ರಿಂಟ್ ಒತ್ತಿದೆ.

ಮಗಳ ಮನೆಗೆ ನಂಗಲಿಗೆ ಹೋಗುವ ಬಸ್ಸು ಆ ತೋಪಿನ ಮುಂದೆಯೇ ಹಾಯುತ್ತದೆ. ಮೊದಲು ಮರಗಳು ಹೋದವು. ಆಮೇಲೆ ಕಲ್ಲುಕಂಬಗಳ ರಾಶಿ ಬಿತ್ತು. ಹೋದಾಗಲೆಲ್ಲ ನೆಟ್ಟ ಕಂಬಗಳ ಸಾಲು ಇನ್ನಷ್ಟು ಮುಂದೆ ಬಂದಿರುತ್ತಿತ್ತು. ನಾನು ಬಸ್ಸಿನ ಆ ಬದಿ ಕೂರುವುದನ್ನೇ ಬಿಟ್ಟೆ.

ಈಚೆಗೆ ಒಂದು ದಿನ ತೋಪು ಕೊಂಡವನು ನನ್ನ ಅಂಗಡಿಗೆ ಬಂದ. ಕೂರಲಿಲ್ಲ. "ಆಯಮ್ಮ ಕೋರ್ಟಿಗೋಗ್ತಾಳಂತೆ. ನಿಮ್ಮನ್ನ ಕರೆದ್ರೆ ಪತ್ರ ಓದಿ ಹೇಳಿದ್ದೆ ಅನ್ನಿ, ಅಷ್ಟೇ." ಬಾಗಿಲಲ್ಲಿ ತಿರುಗಿ ನಿಂತು ನಗುತ್ತ ಹೇಳಿದ: "ವಯಸ್ಸಾಗೈತೆ ಸಾಮಿ. ಬಸ್ಸಲ್ಲಿ ಒಬ್ರೇ ಓಡಾಡ್ತೀರ. ಹುಷಾರು."

ಮರುದಿನ ಆಕೆಯ ಮನೆಗೆ ಹೋದೆ. ಎರಡೂ ಕಡೆ ಕಂಬ, ತಂತಿ, ಬಂಡಿದಾರಿಯಷ್ಟೇ ತೆರೆದಿತ್ತು. ಅಲ್ಲಿ ಕೂತಿದ್ದ ಆಳುಗಳು ನನ್ನನ್ನು ನೋಡಿದರು. ಒಬ್ಬ ಫೋನು ತೆಗೆದ.

ಆಕೆ ಟೊಮ್ಯಾಟೊ ಆರಿಸಿ ಕ್ರೇಟಿಗೆ ತುಂಬುತ್ತಿದ್ದರು. ದಾರಿಯ ಹಕ್ಕಿಲ್ಲ ಎಂಬ ಪತ್ರದ ಸಾಲು ಅವತ್ತೇ ನನಗೆ ಕಂಡಿತ್ತು, ಆದರೂ ಸುಳ್ಳು ಹೇಳಿದೆ ಎಂದೆ. ಆಕೆಯ ಕೈ ನಿಲ್ಲಲಿಲ್ಲ.

"ಗೊತ್ತು. ಅವತ್ತು ನೀವು ನನ್ನ ನೋಡ್ದೆ ಹೇಳಿದ್ರಿ." ತುಂಬಿದ ಕ್ರೇಟನ್ನು ಪಕ್ಕಕ್ಕೆ ತಳ್ಳಿ, "ಕೋರ್ಟಲ್ಲಿ ಹೇಳ್ತೀರಾ?" ಎಂದರು.

"ಹೇಳ್ತೀನಮ್ಮಾ."

"ನಿಮ್ಮ ಲೈಸೆನ್ಸು ಹೋಗ್ತೈತಲ್ಲ?"

"ಹೋಗ್ಲಿ."

ಆಗ ತೋಪಿನ ಕಡೆಯಿಂದ ಹಾರೆ ಕಲ್ಲಿಗೆ ತಾಗುವ ಸದ್ದು ಬಂತು. ಆಕೆಯ ಕೈ ನಿಂತಿತು. ನಾವು ಹೋಗುವಷ್ಟರಲ್ಲಿ ಬಂಡಿದಾರಿಯ ನಡುವೆ ಕಂಬ ನೆಟ್ಟು ತಂತಿ ಎಳೆಯುತ್ತಿದ್ದರು. ಬಿಡ್ರಪ್ಪಾ, ನಾನು ಆಚೆ ಹೋಗಬೇಕು ಎಂದೆ.

"ಪತ್ರ ಬರ್ದೋರು ನೀವೇ ಅಲ್ವಾ?" ತಂತಿ ಬಿಗಿಯುತ್ತಿದ್ದವನು ತಲೆ ಎತ್ತಲಿಲ್ಲ. "ದಾರಿ ಇಲ್ಲ ಅಂತ ಐತಂತಲ್ಲ ಸಾಮಿ."

"ಬನ್ನಿ, ಬೆಳಕಿರೋವಾಗ್ಲೇ ದಾಟ್ಬಿಡಿ" ಎಂದು ಆಕೆ ನನ್ನನ್ನು ಪಕ್ಕದವರ ಮುಳ್ಳುಬೇಲಿಯ ಹತ್ತಿರ ಕರೆದೊಯ್ದರು. ಕೋಲಿನಿಂದ ಮುಳ್ಳು ಎತ್ತಿ ಹಿಡಿದರು. ನಾನು ಮಂಡಿಯೂರಿ ನುಸುಳಿದೆ. ತಿರುಗಿ ನೋಡಿದರೆ ಆಕೆಯ ಹಿಂದೆ ಎಮ್ಮೆ ನಿಂತಿತ್ತು, ಅಂಗಳದಲ್ಲಿ ತುಂಬಿದ ಕ್ರೇಟುಗಳು. ಅವು ಯಾವುವೂ ಆ ಸಂದಿಯಲ್ಲಿ ತೂರುವಂಥವಲ್ಲ.

ರಸ್ತೆಗೆ ಬಂದಾಗ ಒಂದು ಜೀಪು ಎಂಜಿನ್ ಆರಿಸದೆ ನಿಂತಿತ್ತು. ಬಸ್ಸು ಬರುವವರೆಗೂ ನಿಂತಿತ್ತು. ಬಸ್ಸಿನ ಹಿಂದೆಯೇ ಊರತನಕ ಬಂತು.

ನಾನು ಸಾಕ್ಷಿ ಹೇಳುವ ದಿನ ಇನ್ನೂ ಬಂದಿಲ್ಲ. ಅಷ್ಟರಲ್ಲಿ ನನಗೇನಾದರೂ ಆದರೆ ಇರಲಿ ಎಂದು ಕೈಬರಹದಲ್ಲೇ ಬರೆದಿಡುತ್ತಿದ್ದೇನೆ: ಆ ಪತ್ರವನ್ನು ನಾನು ಆಕೆಗೆ ಓದಿ ಹೇಳಿಲ್ಲ. ಆಕೆ ದಾರಿ ಕೇಳಿದ್ದರು. ಇದೆ ಎಂದವನು ನಾನು.